ಹಳ್ಳಿಯ ಸಾವಿಗೆ ಉತ್ತರ ಕೊಡುವವರು ಯಾರು?

ಒಂದು ರಾಜ್ಯದಲ್ಲಿ ಪ್ರಜೆಯ ಪ್ರಾಣಕ್ಕೆ ಎಷ್ಟು ಬೆಲೆಯಿರುವದೆಂಬುದನ್ನು ಅರಿಯಬೇಕಾದವನು ಆ ರಾಜ್ಯದ ರಾಜಧಾನಿಗೆ ಹೋಗಬೇಕಾಗಿಲ್ಲ. ಅದರ ಯಾವುದಾದರೊಂದು ಮೂಲೆಯ ತಾಲೂಕಿನಲ್ಲಿ ಒಬ್ಬ ಬಡವನು ಅಕಸ್ಮಾತ್ತಾಗಿ ಸತ್ತನೆಂದರೆ, ಆ ಸಾವಿನ ಕಾರಣವನ್ನು ಯಾರು ವಿಚಾರಿಸುವರು, ಹೇಗೆ ವಿಚಾರಿಸುವರು, ವಿಚಾರಿಸಿ ಕಂಡುದನ್ನು ಯಾರಿಗೆ ಹೇಳುವರು, ಈ ಮೂರು ಸಂಗತಿಗಳನ್ನು ನೋಡಿದರೆ ಸಾಕು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ನಮ್ಮ ವಾಚಕರ ವಿಚಾರಕ್ಕೆ ತರುತ್ತೇವೆ. ಈ ತಾಲೂಕುಗಳಲ್ಲಿ ಕಂಡುಬರುವ ದೋಷವು ಇವುಗಳಿಗೇ ವಿಶೇಷವಾದುದಲ್ಲ. ಬೀದರದಿಂದ ಚಾಮರಾಜನಗರದವರೆಗೆ ಕನ್ನಡನಾಡಿನ ಎಲ್ಲ ಹಳ್ಳಿಗಳಿಗೂ ಅದು ಸಮಾನವಾದುದು.

೨೦೨೪ನೆಯ ಇಸವಿಯ ಮೇ ತಿಂಗಳ ೨೪ನೆಯ ತಾರೀಖು, ಶುಕ್ರವಾರ ರಾತ್ರಿ ಚನ್ನಗಿರಿಯಲ್ಲಿ ನಡೆದುದು ನಾಡಿಗೆಲ್ಲ ತಿಳಿದ ಮಾತು. ಮಟಕಾ ಆಟದ ಸಂಶಯದ ಮೇಲೆ ಒಬ್ಬ ತರುಣನನ್ನು ಪೋಲೀಸರು ಠಾಣೆಗೆ ಕರೆತಂದರು. ಠಾಣೆಗೆ ಬಂದ ಕೆಲವೇ ನಿಮಿಷಗಳಲ್ಲಿ ಅವನು ಕುಸಿದನೆಂದೂ ಆಸ್ಪತ್ರೆಗೆ ಒಯ್ದರೂ ಬದುಕಲಿಲ್ಲವೆಂದೂ ಪೋಲೀಸರು ಹೇಳಿದರು. ಹೊಡೆದು ಕೊಂದರೆಂಬ ಕೂಗು ಊರಿನಲ್ಲೆದ್ದಿತು. ರಾತ್ರಿ ಕಳೆಯುವದರೊಳಗಾಗಿ ಜನರ ಗುಂಪು ಠಾಣೆಯ ಮೇಲೆ ಬಿದ್ದಿತು; ಕಲ್ಲುಗಳು ತೂರಿದವು, ವಾಹನಗಳು ನುಚ್ಚುನೂರಾದವು, ೧೧ ಮಂದಿ ಪೋಲೀಸರು ಗಾಯಗೊಂಡರು. ಮರುದಿನ ಮುಖ್ಯಮಂತ್ರಿ ಸಿದ್ಧರಾಮಯ್ಯನವರು, ಇದು ಠಾಣೆಯಲ್ಲಿ ಹೊಡೆತದಿಂದಾದ ಸಾವಲ್ಲವೆಂದೂ, ಆದರೆ ಪ್ರಕರಣವನ್ನು ದಾಖಲಿಸದೆ ಆತನನ್ನು ಠಾಣೆಗೆ ತಂದುದು ತಪ್ಪೆಂದೂ ಹೇಳಿದರು. ಒಬ್ಬ ಉಪಅಧೀಕ್ಷಕರೂ ಒಬ್ಬ ಇನ್‌ಸ್ಪೆಕ್ಟರರೂ ಅಮಾನತ್ತಾದರು, ತನಿಖೆಯು ಸಿ.ಐ.ಡಿ.ಯವರ ಕೈಗೆ ಹೋಯಿತು.

ಆ ತರುಣನ ಸಾವಿಗೆ ಯಾರು ಹೊಣೆಯೆಂದು ತೀರ್ಪು ಕೊಡುವದು ನ್ಯಾಯಾಲಯದ ಕೆಲಸ, ಪತ್ರಿಕೆಯ ಕೆಲಸವಲ್ಲ. ಠಾಣೆಗೆ ಕಲ್ಲು ಹೊಡೆದವರ ಕೃತ್ಯವನ್ನು ಸಮರ್ಥಿಸುವವರೂ ನಾವಲ್ಲ. ಗಾಯಗೊಂಡ ಪೋಲೀಸರೂ ನಮ್ಮ ನಾಡಿನ ಮಕ್ಕಳೇ. ಅವರಲ್ಲಿ ಹೆಚ್ಚಿನವರು ರೈತರ ಮನೆಯಿಂದ ಬಂದವರು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಕೇಳದೆ ಇರಲಾರೆವು. ಪೋಲೀಸರು ಹೇಳಿದ ಮಾತನ್ನು ಅಷ್ಟು ದೊಡ್ಡ ಸಮೂಹದಲ್ಲಿ ನಂಬಲು ಸಿದ್ಧರಾದವರೇ ಇಲ್ಲದಂತಾದುದೇಕೆ? ಮಾತು ಸತ್ಯವೇ ಆಗಿದ್ದರೂ ಅದನ್ನು ನಂಬಿಸುವ ಸಾಧನವು ಆ ರಾತ್ರಿ ಅಲ್ಲಿ ಇರಲಿಲ್ಲ. ಬಂಧಿಸಿದವರು ಅವರು, ಕಾವಲಿದ್ದವರು ಅವರು, ಸಾವಿನ ಸುದ್ದಿ ಹೇಳಿದವರೂ ಅವರೇ. ಆರೋಪಕ್ಕೆ ಗುರಿಯಾದವನೇ ಸಾಕ್ಷಿಯೂ ಆದಲ್ಲಿ ಸತ್ಯವಂತನಿಗೂ ಬೆಲೆ ಬಾರದು. ಊರಿನವರಿಗೆ ನಂಬುಗೆಯಾದ ಮೂರನೆಯವನೊಬ್ಬನು ಆ ಗಳಿಗೆಯಲ್ಲಿಯೆ ಬಂದು, ನೋಡಿ, ಬರೆದುಕೊಂಡು, ಇಂಥ ದಿನ ಇಂಥ ಸ್ಥಳದಲ್ಲಿ ನಿಮ್ಮೆಲ್ಲರ ಎದುರಿನಲ್ಲಿ ವಿಚಾರಣೆ ನಡೆಸುವೆನೆಂದು ಹೇಳುವಂತಿದ್ದರೆ, ಕಲ್ಲು ಎತ್ತಿದ ಕೈಗಳಲ್ಲಿ ಅನೇಕವು ಕೆಳಗಿಳಿಯುತ್ತಿದ್ದವೆಂದು ನಾವು ನಂಬುತ್ತೇವೆ.

ಈ ಮೂರನೆಯವನನ್ನೇ ಇಂಗ್ಲಂಡದಲ್ಲಿ ಕರೋನರನೆಂದು ಕರೆಯುವರು. ಅಪಮೃತ್ಯುವಿನ ಕಾರಣವನ್ನು ವಿಚಾರಿಸುವದಷ್ಟೇ ಅವನ ಕೆಲಸ. ಆಂಗ್ಲರು ನಮ್ಮ ದೇಶದಲ್ಲಿ ಈ ಪದ್ಧತಿಯನ್ನು ೧೮೭೧ರ ಕಾಯಿದೆಯ ಮೂಲಕ ಪ್ರೆಸಿಡೆನ್ಸಿ ನಗರಗಳಿಗೆ ಮಾತ್ರ ಕೊಟ್ಟರು. ಮುಂಬಯಿಯಲ್ಲಿ ಅದು ೧೯೯೯ರ ವರೆಗೆ ಉಳಿದು ಆಮೇಲೆ ರದ್ದಾಯಿತು. ಹಳ್ಳಿಗಳಿಗೆ ಈ ಅಧಿಕಾರಿಯು ಎಂದೂ ಬರಲಿಲ್ಲ. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯು ಮುಂಬಯಿ ಮತ್ತು ಮದ್ರಾಸ ಇಲಾಖೆಗಳಲ್ಲಿ ಊರ ಮುಖಂಡನೇ ಇಂಥ ವಿಚಾರಣೆ ಮಾಡಬಹುದೆಂದಿತ್ತು. ಅಂದರೆ ಧಾರವಾಡದ ಕಡೆಗೂ ಬಳ್ಳಾರಿಯ ಕಡೆಗೂ ಊರ ಗೌಡನ ಕೈಯಲ್ಲಿ ಈ ಅಧಿಕಾರವಿದ್ದಿತು. ಆ ಪದ್ಧತಿಯು ನಿರ್ದೋಷವಾಗಿತ್ತೆಂದು ನಾವು ಹೇಳುವದಿಲ್ಲ. ಗೌಡನೇ ಅನ್ಯಾಯಗಾರನಾದಲ್ಲಿ ಬಡವನ ಹೆಣಕ್ಕೆ ಗತಿಯಿರಲಿಲ್ಲ. ಆದರೆ ಉತ್ತರ ಕೊಡಬೇಕಾದವನು ಯಾರೆಂಬುದು ಊರಿಗೆ ಗೊತ್ತಿತ್ತು. ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ೧೯೬೧ರ ಕಾಯಿದೆಯು ರದ್ದುಮಾಡಿದುದು ಯೋಗ್ಯವೇ ಆಯಿತು. ಆ ಸ್ಥಾನದಲ್ಲಿ ಅಪಮೃತ್ಯುವಿನ ವಿಚಾರಕ್ಕೆಂದು ಊರಿಗೆ ಸಮೀಪವಾದ ಬೇರೊಬ್ಬನು ಬರಲಿಲ್ಲವೆಂಬುದೇ ನಮ್ಮ ದೂರು.

ಈಗಿನ ಕಾಯಿದೆಯೇನು? ೨೦೨೪ರ ಜುಲೈ ೧ರಿಂದ ಹಳೆಯ ಸಂಹಿತೆಯು ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂದಿದೆ. ಅದರ ೧೯೪ನೆಯ ಕಲಮಿನಂತೆ, ಯಾರಾದರೂ ಆತ್ಮಹತ್ಯೆ ಮಾಡಿಕೊಂಡರೆ, ಅಪಘಾತದಿಂದಾಗಲಿ ಪ್ರಾಣಿಯಿಂದಾಗಲಿ ಯಂತ್ರದಿಂದಾಗಲಿ ಸತ್ತರೆ, ಇಲ್ಲವೆ ಸಂಶಯಾಸ್ಪದ ಸ್ಥಿತಿಯಲ್ಲಿ ಸತ್ತರೆ, ಠಾಣೆಯ ಅಧಿಕಾರಿಯು ಕಾರ್ಯಾಂಗ ದಂಡಾಧಿಕಾರಿಗೆ ತಿಳಿಸಿ ಸ್ಥಳಕ್ಕೆ ಹೋಗಬೇಕು. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ದೇಹದ ಮೇಲಿನ ಗಾಯ, ಮುರಿತ, ಬಾವುಗಳನ್ನು ನೋಡಿ ಪಂಚನಾಮೆ ಬರೆಯಬೇಕು. ಆ ವರದಿಯನ್ನು ೨೪ ತಾಸುಗಳೊಳಗೆ ಮೇಲಣ ದಂಡಾಧಿಕಾರಿಗೆ ಕಳುಹಬೇಕು. ಪೋಲೀಸರ ವಶದಲ್ಲಿದ್ದವನು ಸತ್ತರಂತೂ ಪೋಲೀಸರ ತನಿಖೆಯಲ್ಲದೆ ದಂಡಾಧಿಕಾರಿಯ ಬೇರೊಂದು ವಿಚಾರಣೆಯು ಆಗಲೇಬೇಕೆಂದು ೧೯೬ನೆಯ ಕಲಮು ಹೇಳುತ್ತದೆ. ಇದು ಹೊಸ ಮಾತಲ್ಲ. ಹಳೆಯ ಸಂಹಿತೆಗೆ ೨೦೦೫ರಲ್ಲಿ ಆದ ತಿದ್ದುಪಡಿಯೇ ಇಂಥ ವಿಚಾರಣೆಯನ್ನು ನ್ಯಾಯಾಂಗದ ದಂಡಾಧಿಕಾರಿಗೆ ವಹಿಸಿಕೊಟ್ಟಿತ್ತು. ಮೃತನ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ ಇವರಿಗೆ ಸಾಧ್ಯವಿದ್ದಷ್ಟು ಮಟ್ಟಿಗೆ ತಿಳಿಸಿ, ವಿಚಾರಣೆಯಲ್ಲಿ ಹಾಜರಿರಲು ಬಿಡತಕ್ಕದ್ದೆಂದೂ ಕಾಯಿದೆಯಲ್ಲಿದೆ. ಈ ಹಕ್ಕು ತಮಗಿರುವದೆಂದು ಬಲ್ಲ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆ?

ಕಾಯಿದೆಯು ಕಾಗದದ ಮೇಲೆ ಸೊಗಸಾಗಿದೆ. ನ್ಯಾಯಾಲಯದಲ್ಲಿ ಇಂಥ ಕಾಗದಪತ್ರಗಳನ್ನು ಓದಬೇಕಾಗಿ ಬಂದವರಿಗೆ ಅದರ ಆಚರಣೆಯು ಗೊತ್ತಿರುವದು. ಗೌರವಸ್ಥ ಪಂಚರೆಂದರೆ ಎಷ್ಟೋ ವೇಳೆ ಠಾಣೆಯ ಎದುರಿನ ಚಹದಂಗಡಿಯಲ್ಲಿ ಸಿಕ್ಕವರು. ಬರೆದುದನ್ನು ಓದಿ ಹೇಳುವ ಮೊದಲೇ ಸಹಿಯಾಗುತ್ತದೆ. ಸಹಿ ಬಾರದವನ ಹೆಬ್ಬೆಟ್ಟು ಬೀಳುತ್ತದೆ. ಶವಪರೀಕ್ಷೆಯ ವರದಿಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಕೈಗೆ ಆ ಕಾಗದವು ಬಂದರೂ ಅದರಲ್ಲಿ ಅವಳಿಗೆ ತಿಳಿಯುವದು ಮಗನ ಹೆಸರು ಸಹ ಅಲ್ಲ. ಕನ್ನಡಿಗರೆಲ್ಲರೂ ಒಂದೇ ಆಡಳಿತದ ಕೆಳಗೆ ಬಂದು ಎಷ್ಟೋ ಸಂವತ್ಸರಗಳು ಕಳೆದವು. ೧೯೬೩ರಲ್ಲಿಯೆ ರಾಜಭಾಷಾ ಕಾಯಿದೆಯಾಯಿತು. ಆದರೂ ಕನ್ನಡಿಗನು ಹೇಗೆ ಸತ್ತನೆಂಬುದನ್ನು ಕನ್ನಡಿಗರಿಗೆ ಕನ್ನಡದಲ್ಲಿ ಹೇಳುವದು ಇನ್ನೂ ನಿಯಮವಾಗಿಲ್ಲ. ಪ್ರಾಂತಗಳು ಕೂಡಿದುದು ನಕಾಶೆಯ ಬಣ್ಣ ಬದಲಾಗಲೆಂದಲ್ಲ; ಪ್ರಜೆಯು ತನ್ನ ಸರಕಾರವನ್ನು ತನ್ನ ಮಾತಿನಲ್ಲಿ ಪ್ರಶ್ನಿಸಿ ತನ್ನ ಮಾತಿನಲ್ಲಿಯೆ ಉತ್ತರ ಪಡೆಯಲೆಂದು.

ಇಂಥ ವಿಚಾರಣೆಯು ಬರಿಯ ಔಪಚಾರಿಕವೆಂದು ತಿಳಿಯುವವರು ಜಗಳೂರಿನ ಕಡೆಗೆ ನೋಡಬೇಕು. ಮಳೆಯನ್ನು ನಂಬಿ ಬಾಳುವ ಆ ತಾಲೂಕು ಎಷ್ಟೋ ಬರಗಳನ್ನು ಕಂಡಿದೆ. ಸಾಲದ ಬಾಧೆಯಿಂದ ರೈತನೊಬ್ಬನು ಪ್ರಾಣ ಕಳೆದುಕೊಂಡರೆ ಅವನ ಕುಟುಂಬಕ್ಕೆ ಸರಕಾರವು ೫ ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡುತ್ತದೆ. ೨೦೧೫ರ ಮೊದಲು ಅದು ೧ ಲಕ್ಷವಿದ್ದಿತು. ಈ ಪರಿಹಾರವು ಸಿಕ್ಕುವದೂ ತಪ್ಪುವದೂ ಉಪವಿಭಾಗಾಧಿಕಾರಿಗಳ ಸಮಿತಿಯ ಮುಂದೆ ಬರುವ ಕಾಗದಗಳ ಮೇಲೆ ನಿಂತಿದೆ. ಪೋಲೀಸರ ಮೊದಲ ವರದಿ, ಪಂಚನಾಮೆ, ಶವಪರೀಕ್ಷೆ, ಪ್ರಯೋಗಾಲಯದ ವರದಿ ಇವೇ ಆ ಕಾಗದಗಳು. ಮೊದಲನೆಯ ದಿನ ಪಂಚನಾಮೆಯಲ್ಲಿ ಹೊಟ್ಟೆನೋವು ತಾಳಲಾರದೆ ವಿಷ ಸೇವಿಸಿದನೆಂದು ಅವಸರದಿಂದ ಒಂದು ಸಾಲು ಬಿದ್ದುಹೋದರೆ, ಆ ಒಂದು ಸಾಲು ವಿಧವೆಯ ಮನೆಯ ಬಾಗಿಲಿಗೆ ಬರತಕ್ಕ ೫ ಲಕ್ಷ ರೂಪಾಯಿಗಳನ್ನು ತಿರುಗಿಸಿ ಕಳುಹಬಲ್ಲದು. ಅಂತೆಯೆ ಮದುವೆಯಾಗಿ ಏಳು ವರ್ಷಗಳೊಳಗೆ ಸತ್ತ ಹೆಣ್ಣುಮಗಳ ಪಂಚನಾಮೆಯಲ್ಲಿ ಒಂದು ಗಾಯವು ಬರೆಯದೆ ಉಳಿದರೆ, ಮುಂದೆ ಯಾವ ನ್ಯಾಯಾಧೀಶನೂ ಆ ಗಾಯವನ್ನು ಕಾಣಲಾರನು. ಚಿತೆ ಆರಿದ ಮೇಲೆ ಸಾಕ್ಷಿಯು ಎಲ್ಲಿಂದ ಬರಬೇಕು?

ಹೊನ್ನಾಳಿಯ ಸಂಗತಿಯು ಬೇರೊಂದು ಬಗೆಯದು. ೨೦೨೨ರ ನವೆಂಬರದಲ್ಲಿ ಆ ತಾಲೂಕಿನ ತುಂಗಾ ಕಾಲುವೆಯಲ್ಲಿ ಒಂದು ಕಾರು ಸಿಕ್ಕಿತು. ಅದರಲ್ಲಿ, ಕೆಲವು ದಿನಗಳಿಂದ ಕಾಣೆಯಾಗಿದ್ದ, ಅಂದಿನ ಶಾಸಕರ ಮನೆತನದ ತರುಣನ ಶವವಿದ್ದಿತು. ಅಪಘಾತವಿರಬಹುದೆಂಬ ಮಾತು ಒಂದು ಕಡೆಗೆ, ಕೊಲೆಯೆಂಬ ಮಾತು ಮತ್ತೊಂದು ಕಡೆಗೆ ಹುಟ್ಟಿದವು. ಆಳುವ ಪಕ್ಷದ ಶಾಸಕರೇ ಪೋಲೀಸರ ತನಿಖೆಯ ಮೇಲೆ ಬಹಿರಂಗವಾಗಿ ಅಸಮಾಧಾನ ತೋರಿಸಿದರು. ಆ ದುಃಖದ ವಿಷಯವನ್ನು ಕೆದಕುವದು ನಮ್ಮ ಉದ್ದೇಶವಲ್ಲ. ವಿಧಾನಸಭೆಯಲ್ಲಿ ಕುಳಿತುಕೊಳ್ಳುವವರಿಗೇ ತಮ್ಮ ಮನೆಯ ಸಾವಿನ ವಿಷಯದಲ್ಲಿ ಪೋಲೀಸರ ಮಾತು ಸಾಕಾಗಲಿಲ್ಲವೆಂದ ಮೇಲೆ, ಅದೇ ಕಾಲುವೆಯ ದಂಡೆಯಲ್ಲಿ ಕೂಲಿ ಮಾಡುವವನ ಮನೆಯವರು ಯಾರ ಬಳಿಗೆ ಹೋಗಿ ಕೇಳಬೇಕು? ಶಾಸಕರ ದುಃಖಕ್ಕೆ ಮಂತ್ರಿಗಳು ಕಿವಿಗೊಡುವರು, ವರ್ತಮಾನಪತ್ರಗಳು ಬರೆಯುವವು. ಕೂಲಿಯವನ ದುಃಖವು ಅಪಮೃತ್ಯು ವರದಿಯ ಒಂದು ಸಂಖ್ಯೆಯಾಗಿ ಠಾಣೆಯ ಕಪಾಟಿನಲ್ಲಿ ಮಲಗುವದು.

ನಮ್ಮ ಪೋಲೀಸರಿಗೆ ಶಕ್ತಿಯಿಲ್ಲವೆ? ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನ್ಯಾಮತಿಯ ಸ್ಟೇಟ್ ಬ್ಯಾಂಕಿನಲ್ಲಿ ೨೦೨೪ರ ಅಕ್ಟೋಬರದಲ್ಲಿ ೧೭ ಕಿಲೋಗ್ರಾಮಿಗೂ ಮಿಕ್ಕಿದ ಅಡವಿನ ಚಿನ್ನವು ಕಳುವಾಯಿತು. ಅದರಲ್ಲಿ ಸುತ್ತಲಿನ ಸಂಸಾರಸ್ಥರ ತಾಳಿ ಬಳೆಗಳೂ ಇದ್ದವು. ಕಳ್ಳರು ಸುಳಿವು ಉಳಿಸದಂತೆ ಕೆಲಸ ಮಾಡಿದ್ದರೂ ಜಿಲ್ಲೆಯ ಪೋಲೀಸರು ತಿಂಗಳುಗಟ್ಟಲೆ ಬೆನ್ನುಹತ್ತಿ, ೨೦೨೫ರ ಮಾರ್ಚದಲ್ಲಿ ಅಪರಾಧಿಗಳೆಂದು ಸಂಶಯಿಸಲ್ಪಟ್ಟವರನ್ನು ಹಿಡಿದು, ತಮಿಳುನಾಡಿನ ಮದುರೆಯ ಕಡೆಯ ಬಾವಿಯೊಂದರಿಂದ ಚಿನ್ನವನ್ನು ಮೇಲೆತ್ತಿ ತಂದರು. ಈ ಕಾರ್ಯಕ್ಕೆ ಅವರು ಅಭಿನಂದನೆಗೆ ಪಾತ್ರರು. ಚಿನ್ನವನ್ನು ಹುಡುಕುವಾಗ ತೋರಿದ ಈ ತಾಳ್ಮೆ, ಈ ಜಾಣ್ಮೆ, ಈ ದಾಖಲೆಯ ಶಿಸ್ತುಗಳಲ್ಲಿ ಕಾಲುಭಾಗವು ಪ್ರತಿಯೊಂದು ಅಪಮೃತ್ಯುವಿನ ವಿಚಾರಣೆಯಲ್ಲಿಯೂ ತೋರಿದರೆ ನಾವು ಈ ಲೇಖನವನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. ಚಿನ್ನದ ವಿಷಯದಲ್ಲಿ ಬ್ಯಾಂಕು ಕೇಳುತ್ತದೆ, ಸಾಲಗಾರರು ಕೇಳುತ್ತಾರೆ, ಪತ್ರಿಕೆಗಳು ಕೇಳುತ್ತವೆ. ಕೇಳುವವರಿದ್ದಲ್ಲಿ ಕೆಲಸವಾಗುತ್ತದೆ. ಹೆಣದ ವಿಷಯದಲ್ಲಿ ಕೇಳುವವರನ್ನು ನಿರ್ಮಿಸಬೇಕಾಗಿದೆ.

ಕೇಳುವವರನ್ನು ನಿರ್ಮಿಸಲು ದೇಶದ ಸರ್ವೋಚ್ಚ ನ್ಯಾಯಾಲಯವು ಪ್ರಯತ್ನಿಸದೆ ಇಲ್ಲ. ಬಂಧನದ ಕಾಲಕ್ಕೆ ಪತ್ರ ಬರೆದು ಮನೆಯವನೊಬ್ಬನ ಇಲ್ಲವೆ ಊರಿನ ಗೌರವಸ್ಥನೊಬ್ಬನ ಸಾಕ್ಷಿ ಹಾಕಿಸಬೇಕು, ಬಂಧುಗಳಿಗೆ ತಿಳಿಸಬೇಕು, ವಶದಲ್ಲಿದ್ದವನನ್ನು ೪೮ ತಾಸುಗಳಿಗೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂದು ಡಿ.ಕೆ. ಬಸು ಅವರ ಮೊಕದ್ದಮೆಯಲ್ಲಿ ೧೯೯೬ರಲ್ಲಿ ವಿಧಿಸಿತು. ಪೋಲೀಸರ ಮೇಲಣ ದೂರುಗಳನ್ನು ವಿಚಾರಿಸಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರವಿರಬೇಕೆಂದು ಪ್ರಕಾಶ ಸಿಂಗರ ಮೊಕದ್ದಮೆಯಲ್ಲಿ ೨೦೦೬ರಲ್ಲಿ ಆಜ್ಞಾಪಿಸಿತು. ಅದರಂತೆ ನಮ್ಮ ರಾಜ್ಯದ ಪೋಲೀಸ ಕಾಯಿದೆಗೆ ೨೦೧೨ರಲ್ಲಿ ತಿದ್ದುಪಡಿಯಾಯಿತು. ಪ್ರತಿಯೊಂದು ಠಾಣೆಯಲ್ಲಿ ಕ್ಯಾಮರಾಗಳಿರಬೇಕು, ಅವುಗಳ ಚಿತ್ರವನ್ನೂ ಧ್ವನಿಯನ್ನೂ ೧೮ ತಿಂಗಳು ಕಾಯ್ದಿಡಬೇಕೆಂದು ೨೦೨೦ರ ಡಿಸೆಂಬರದಲ್ಲಿ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೧೯೯೩ರಿಂದಲೂ, ವಶದಲ್ಲಾದ ಸಾವನ್ನು ೨೪ ತಾಸುಗಳೊಳಗೆ ತನಗೆ ತಿಳಿಸಬೇಕೆಂದು ಕೇಳುತ್ತ ಬಂದಿದೆ. ಆಜ್ಞೆಗಳಿಗೆ ಕೊರತೆಯಿಲ್ಲ. ಜಿಲ್ಲಾ ಪ್ರಾಧಿಕಾರದ ಬಾಗಿಲು ಎಲ್ಲಿದೆಯೆಂದು ಜಗಳೂರಿನ ಸಂತೆಯಲ್ಲಿ ಹತ್ತು ಮಂದಿಯನ್ನು ಕೇಳಿರಿ; ಹತ್ತೂ ಮಂದಿ ನಿಮ್ಮ ಮುಖವನ್ನೇ ನೋಡುವರು.

ಇಷ್ಟು ಕಟ್ಟುನಿಟ್ಟು ಮಾಡಿದರೆ ಪೋಲೀಸರ ಧೈರ್ಯಗೆಡುವದು, ಪುಂಡರಿಗೆ ಬಲ ಬರುವದು ಎಂದು ಆಕ್ಷೇಪಿಸುವವರುಂಟು. ಸಿಬ್ಬಂದಿ ಸಾಲದು, ಕೆಲಸ ಹೆಚ್ಚು ಎಂಬುದೂ ನಿಜವೇ. ಆದರೆ ಚನ್ನಗಿರಿಯ ರಾತ್ರಿಯನ್ನೇ ವಿಚಾರಿಸಿ ನೋಡಿರಿ. ಪ್ರಕರಣ ದಾಖಲಾಗಿ, ಬಂಧನದ ಪತ್ರಕ್ಕೆ ಊರವನೊಬ್ಬನ ಸಹಿಯಿದ್ದು, ವೈದ್ಯರು ಮೊದಲೇ ನೋಡಿ ಬರೆದ ಚೀಟಿಯಿದ್ದಿದ್ದರೆ, ನಿರಪರಾಧಿಯಾದ ಪೋಲೀಸನಿಗೆ ಆ ಕಾಗದಗಳಿಗಿಂತ ಗಟ್ಟಿಯಾದ ಢಾಲು ಮತ್ತೊಂದಿರುತ್ತಿರಲಿಲ್ಲ. ನಿಯಮವು ಹೊಡೆಯುವವನ ಕೈಯನ್ನಷ್ಟೇ ಕಟ್ಟುವದು. ಪ್ರಾಮಾಣಿಕನನ್ನು ಅದು ಕಾಯುವದು. ನಮ್ಮ ಜನರ ಅಪನಂಬಿಗೆಯೂ ನಿನ್ನೆಯದಲ್ಲ. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಚಿತ್ರಹಿಂಸೆ ನಡೆಯುತ್ತಿದ್ದುದನ್ನು ೧೮೫೫ರಲ್ಲಿ ಮದ್ರಾಸ ಸರಕಾರದ ಆಯೋಗವೇ ಒಪ್ಪಿ ಬರೆಯಿತು. ೧೯೪೨ರಲ್ಲಿ ಹೊನ್ನಾಳಿಗೆ ನೆರೆಯದಾದ ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿಗಳಿಗೂ ಪ್ರಜೆಗಳಿಗೂ ನಡೆದ ಘರ್ಷಣೆಯಲ್ಲಿ ಎರಡು ಕಡೆಗೂ ಪ್ರಾಣಗಳು ಹೋದವು. ಮರುವರ್ಷ ಐವರು ಗಲ್ಲಿಗೇರಿದರು. ಅಂದಿನ ಪೋಲೀಸರು ಪ್ರಜೆಗಳಿಗೆ ಉತ್ತರ ಕೊಡಬೇಕಾದವರಾಗಿರಲಿಲ್ಲ. ಇಂದಿನವರು ನಮ್ಮ ಪೋಲೀಸರು. ಸ್ವರಾಜ್ಯದ ಠಾಣೆಯು ಪರರಾಜ್ಯದ ಠಾಣೆಗಿಂತ ಬೇರೆಯಾಗಿರುವದೆಂಬುದು ಪ್ರಜೆಯ ಅನುಭವಕ್ಕೆ ಬರಬೇಕಾದರೆ, ಅದು ಉತ್ತರ ಕೊಡುವ ಠಾಣೆಯಾಗಿರಬೇಕು.

ಇಂಗ್ಲಂಡದಲ್ಲಿ ೨೦೦೯ರ ಕಾಯಿದೆಯ ಮೇರೆಗೆ, ವಶದಲ್ಲಿದ್ದವನು ಹಿಂಸೆಯಿಂದಲೋ ಅಸ್ವಾಭಾವಿಕವಾಗಿಯೋ ಸತ್ತರೆ, ಇಲ್ಲವೆ ಕಾರಣ ತಿಳಿಯದಿದ್ದರೆ, ಕರೋನರನು ಜ್ಯೂರಿಯವರನ್ನು ಕೂಡಿಸಿಕೊಂಡು ವಿಚಾರಿಸಬೇಕು. ಇಂಥ ಸಾವು ಮತ್ತೆ ಆಗದಂತೆ ಏನು ಮಾಡಬೇಕೆಂದು ಅವನು ಸಂಬಂಧಪಟ್ಟವರಿಗೆ ಬರೆದರೆ, ಅವರು ೫೬ ದಿವಸಗಳೊಳಗೆ ಉತ್ತರ ಕೊಡಬೇಕು. ಅಲ್ಲಿಯೂ ದೋಷಗಳಿರಬಹುದು. ಆದರೆ ವಿಚಾರಣೆಯು ಮುಂದಿನ ಸಾವನ್ನು ತಡೆಯುವದಕ್ಕಾಗಿಯೂ ಇರುವದೆಂಬ ತತ್ವವು ಅನುಕರಣೀಯವಾದುದು. ಒಂದೇ ಕಾಲುವೆಯ ಒಂದೇ ತಿರುವಿನಲ್ಲಿ ಮೂರು ವಾಹನಗಳು ಬಿದ್ದರೆ ನಮ್ಮಲ್ಲಿ ಮೂರು ವರದಿಗಳಾಗುವವು. ಅಲ್ಲೊಂದು ತಡೆಗೋಡೆ ಬೇಕೆಂದು ಬರೆಯುವದೂ ಬರೆದುದಕ್ಕೆ ಉತ್ತರ ಕೇಳುವದೂ ಯಾರ ಕರ್ತವ್ಯವೂ ಅಲ್ಲ.

ಆದುದರಿಂದ ಸರಕಾರದವರನ್ನು ನಾವು ಕೇಳುವದು ನಾಲ್ಕು ಮಾತು. ಮೊದಲನೆಯದು: ವಶದಲ್ಲಾದ ಪ್ರತಿಯೊಂದು ಸಾವಿನ ದಂಡಾಧಿಕಾರಿ ವಿಚಾರಣೆಗೆ ಅವಧಿಯೊಂದನ್ನು ಗೊತ್ತುಮಾಡಿ, ಅದರ ವರದಿಯನ್ನು ಪ್ರಕಟಿಸಬೇಕು. ಎರಡನೆಯದು: ಪಂಚನಾಮೆಯ ಮತ್ತು ಶವಪರೀಕ್ಷೆಯ ವರದಿಯ ಪ್ರತಿಯು, ತಿಳಿಯುವ ಕನ್ನಡದಲ್ಲಿ, ಮೃತನ ಮನೆಯವರ ಕೈಗೆ ಕೇಳದೆಯೆ ಮುಟ್ಟಬೇಕು. ಮೂರನೆಯದು: ತಾಲೂಕಿನಲ್ಲಿ ನಡೆದ ಅಪಮೃತ್ಯುಗಳೆಷ್ಟು, ಅವುಗಳಲ್ಲಿ ತೀರ್ಮಾನವಾದವೆಷ್ಟು, ಪ್ರಯೋಗಾಲಯದ ವರದಿಗಾಗಿ ಕಾದಿರುವವೆಷ್ಟು ಎಂಬುದನ್ನು, ಮೃತರ ಹೆಸರುಗಳನ್ನು ಬಿಟ್ಟು, ತಿಂಗಳಿಗೊಮ್ಮೆ ತಾಲೂಕು ಕಚೇರಿಯ ಹಲಗೆಯ ಮೇಲೆ ಅಂಟಿಸಬೇಕು. ನಾಲ್ಕನೆಯದು: ದೂರು ಪ್ರಾಧಿಕಾರವು ಜಿಲ್ಲೆಯ ಕೇಂದ್ರದಲ್ಲಿಯೆ ಕುಳಿತಿರದೆ ಗೊತ್ತಾದ ದಿನಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಗೆ ಬಂದು ಕುಳಿತು ಜನರ ಮಾತನ್ನು ಕೇಳಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ದ್ರವ್ಯ ಬೇಡ. ಮನಸ್ಸು ಮಾತ್ರ ಬೇಕು.

ನಮ್ಮ ವಾಚಕರನ್ನು, ವಿಶೇಷವಾಗಿ ಹಳ್ಳಿಯ ಉಪಾಧ್ಯಾಯರನ್ನು, ಕೇಳಿಕೊಳ್ಳುವದು ಒಂದುಂಟು. ಪಂಚರಾಗಿ ಬರಬೇಕೆಂದು ಕರೆ ಬಂದಾಗ, ಕೋರ್ಟು ಕಚೇರಿಯ ತಿರುಗಾಟ ಯಾರಿಗೆ ಬೇಕೆಂದು ಸುಶಿಕ್ಷಿತರು ಹಿಂದೆ ಸರಿಯುವರು. ಅಲ್ಲಿ ಚಹದಂಗಡಿಯವನು ಸಹಿ ಹಾಕುವನು. ಕಾಯಿದೆಯು ನೆರೆಹೊರೆಯ ಗೌರವಸ್ಥರನ್ನು ಕರೆದಿರುವದು ಅಲಂಕಾರಕ್ಕಲ್ಲ. ಮುಂಬಯಿಗೆ ಒಂದು ಕಾಲಕ್ಕಿದ್ದ ಕರೋನರನ ಕಣ್ಣಿನ ಸ್ವಲ್ಪ ಭಾಗವು ಹಳ್ಳಿಯ ಪಂಚನಲ್ಲಿದೆ. ಹೋಗಿರಿ, ಕಂಡುದನ್ನೆಲ್ಲ ಬರೆಯಿಸಿರಿ, ಕಾಣದುದನ್ನು ಬರೆಯಗೊಡಬೇಡಿರಿ, ಓದಿ ನೋಡದೆ ಸಹಿ ಮಾಡಬೇಡಿರಿ. ಮೃತನ ಮನೆಯವರಿಗೆ ವಿಚಾರಣೆಯಲ್ಲಿ ಹಾಜರಿರುವ ಹಕ್ಕುಂಟೆಂದು ತಿಳಿಸಿಹೇಳಿರಿ. ಕಲ್ಲೆತ್ತಲು ಹೊರಟ ಹುಡುಗರನ್ನು ತಡೆದು, ಅರ್ಜಿ ಬರೆಯಲು ಕಲಿಸಿರಿ. ತಾಲೂಕಿಗೆ ಇಂಥ ಇಪ್ಪತ್ತು ಮಂದಿ ಪಂಚರು ಸಿದ್ಧರಾದರೆ, ಸರಕಾರವು ನಮ್ಮ ನಾಲ್ಕು ಮಾತುಗಳನ್ನು ಕೇಳುವ ಮೊದಲೇ, ಹಳ್ಳಿಯ ಸಾವಿಗೆ ಉತ್ತರ ಕೊಡುವವರು ಹಳ್ಳಿಯಲ್ಲಿಯೆ ಹುಟ್ಟಿದಂತಾಗುವದು.